ಎರಡು ಮುಳ್ಳು

ನನಗೆ ಗೊತ್ತಿರುವುದು ಎರಡೇ ಮುಳ್ಳು:
ಮೀನಿನದು, ತಕ್ಕಡಿಯದು.
ಒಂದು ಗಂಟಲಿಗೆ ಸಿಕ್ಕುತ್ತದೆ.
ಇನ್ನೊಂದು, ನೆಟ್ಟಗಿದ್ದರೆ, ಯಾರಿಗೂ ಚುಚ್ಚುವುದಿಲ್ಲ.

ದ್ಯೊಲಿಂದ ಅಂತ ನನ್ನ ಹೆಸರು. ಪೋರ್ಚುಗಲ್ಲಿನ ಬಡಗಣ ಅಂಚಿಗೆ,
ನದಿ ಕಡಲಿಗೆ ಬೀಳುವಲ್ಲಿ ಒಂದು ಪೇಟೆ;
ಅಲ್ಲಿ ಮೂವತ್ತೆಂಟು ವರ್ಷದಿಂದ ಮೀನು ತೂಗುತ್ತಿದ್ದೇನೆ.
ಓದಿದ್ದು ನಾಲ್ಕನೆಯ ತರಗತಿ.
ಭಿನ್ನರಾಶಿ ಶುರುವಾದ ವಾರವೇ ಶಾಲೆ ಬಿಡಿಸಿದರು.

ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ,
ಪುರಸಭೆಯಿಂದ ಅಬೀಲ್ಯು ಬರುತ್ತಿದ್ದ.
ಮರದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಗುಳಿಗಳು,
ಗುಳಿಗೊಂದು ಹಿತ್ತಾಳೆಯ ತೂಕದ ಬಟ್ಟು.
ಮೊದಲು ಕೈ ತೊಳೆಯುತ್ತಿದ್ದ, ಮೊಣಕೈವರೆಗೆ.
ಆಮೇಲೂ ಬರಿಗೈಯಲ್ಲಿ ಮುಟ್ಟದೆ ಚಿಮಟದಲ್ಲಿ ಎತ್ತುತ್ತಿದ್ದ.
'ಯಾಕಯ್ಯಾ ಇಷ್ಟು ಮಡಿ?'
'ಬೆರಳಿನ ಜಿಡ್ಡಿಗೂ ತೂಕ ಇರುತ್ತದೆ, ದೊನ ದ್ಯೊಲಿಂದ.
ಮೊದಲ ಅನುಮಾನ ನನ್ನ ಬೆರಳಿನ ಮೇಲೇ.'

ವಿಜ್ಞಾನ ಎಂಬ ಮಾತು ಕೇಳಿದಾಗೆಲ್ಲ ನನಗೆ
ಬಿಳಿ ಕೋಟು ಕಾಣುವುದಿಲ್ಲ, ರಾಕೆಟ್ಟು ಕಾಣುವುದಿಲ್ಲ.
ಮೀನು ತೊಳೆವ ನಲ್ಲಿಯ ಕೆಳಗೆ
ಉಗುರುಸಂದಿ ಉಜ್ಜಿಕೊಳ್ಳುವ ಅಬೀಲ್ಯು ಕಾಣುತ್ತಾನೆ.

ಮೊನ್ನೆ ಪುರಭವನದಲ್ಲಿ ಸಭೆ.
ಚರ್ಮ ಹದಮಾಡುವ ಕಾರ್ಖಾನೆಯ ಕೆಳಗೆ ನದಿ ನೊರೆಯುಗುಳಿತ್ತು.
ಹಾವುಮೀನುಗಳು ಹೊಟ್ಟೆ ಮೇಲಾಗಿ ತೇಲಿ ಬಂದಿದ್ದವು.
ಕಂಪನಿ ಕರೆಸಿದ ಡಾಕ್ಟರರು ಗೋಡೆಯ ಮೇಲೆ ಬೆಳಕು ಬಿಟ್ಟರು:
ನೀಲಿ ಗೆರೆ, ಅದರ ಮೇಲೊಂದು ಕೆಂಪು ಗೆರೆ.
ನೀಲಿ ಕೆಂಪನ್ನು ಮುಟ್ಟಿರಲಿಲ್ಲ.
'ವರ್ಷದ ಸರಾಸರಿ' ಎಂದರು. 'ವಿಜ್ಞಾನ ಹೇಳುತ್ತದೆ' ಎಂದರು,
ನಮ್ಮ ಪಾದ್ರಿ 'ದೇವರು ಹೇಳುತ್ತಾನೆ' ಎನ್ನುವ ದನಿಯಲ್ಲೇ.
ಪಾದ್ರಿ ಕೊನೆಗೆ ತಲೆಯಾದರೂ ಬಾಗಿಸುತ್ತಾರೆ.

ಸರಾಸರಿಯನ್ನು ನಾನು ಯಾರಿಗೂ ಮಾರಿಲ್ಲ.
ಹತ್ತು ಮೀನು ತಾಜಾ, ಒಂದು ಕೊಳೆತದ್ದು;
ಸರಾಸರಿಗೆ ವಾಸನೆಯಿಲ್ಲ.
ಆ ಒಂದನ್ನು ತಿಂದವರ ಮನೆಯವರು
ಮರುದಿನ ಬೆಳಿಗ್ಗೆ ಅಂಗಡಿಗೆ ಬರುತ್ತಾರೆ.

ಎದ್ದು ಕೇಳಿದೆ: ಬಾಟಲಿ ಎಲ್ಲಿ ಅದ್ದಿದಿರಿ ಸ್ವಾಮಿ,
ಸೇತುವೆಯ ಮೇಲುಗಡೆಯೋ ಕೆಳಗಡೆಯೋ?
ಆವತ್ತು ಕಾರ್ಖಾನೆಗೆ ರಜೆಯೋ?
'ಅದೆಲ್ಲ ತಾಂತ್ರಿಕ ವಿಷಯ, ಅಮ್ಮಾ.'
ಮುಂದಿನ ಸಾಲಿನವರು ನಕ್ಕರು.

ಹೊರಗೆ ಮೆಟ್ಟಿಲ ಬಳಿ ಝೆಫೆರೀನು, ಚುನಾವಣೆಗೆ ನಿಂತವನು,
ನನ್ನ ಭುಜ ತಟ್ಟಿದ:
'ಈ ಪಂಡಿತರ ಅಂಕಿಯೆಲ್ಲ ಸುಳ್ಳು ಕಣಮ್ಮಾ!
ನಮ್ಮ ಕಣ್ಣೇ ನಮಗೆ ಪ್ರಯೋಗಶಾಲೆ.'
ಅವನ ಮೈದುನ ಅದೇ ಮೆಟ್ಟಿಲ ಮೇಲೆ
ಮೈಯ ವಿಷ ಹೀರುವ ತಾಮ್ರದ ಬಳೆ ಮಾರುತ್ತಿದ್ದ,
ಜೋಡಿಗೆ ಮೂವತ್ತು ಯೂರೋ.

ಇಲ್ಲ ಝೆಫೆರೀನು.
ನನ್ನ ಕಣ್ಣಿನ ಪೊರೆ ತೆಗೆದದ್ದು ನಿನ್ನ ಬಳೆಯಲ್ಲ.
ಕಣ್ಣಳತೆಯೇ ಸಾಕಿದ್ದರೆ ತಕ್ಕಡಿ ಯಾಕೆ ಹುಟ್ಟುತ್ತಿತ್ತು?
ಮೋಸದ ತೂಕ ಕಂಡೆನೆಂದು
ತೂಗುವುದೇ ಮೋಸ ಎನ್ನಲಾರೆ.

ಮೋಸ ಹೇಗಿರುತ್ತದೆ, ನನಗೆ ಗೊತ್ತು.
ಗಂಡ ಕಡಲಿಂದ ಮರಳದ ವರ್ಷ, ಡಿಸೆಂಬರಿನ ಮೂರು ವಾರ,
ಈ ಹೆಬ್ಬೆರಳು ತಟ್ಟೆಯ ಅಂಚಿಗೆ ಒರಗಿತ್ತು.
ಒರಗಿತ್ತು, ಅಷ್ಟೆ. ಒತ್ತಿರಲಿಲ್ಲ.
ಹಾಗಂತ ನನಗೆ ನಾನೇ ಹೇಳಿಕೊಂಡಿದ್ದೆ.
ತಕ್ಕಡಿ ಸುಳ್ಳಾಡಲಿಲ್ಲ;
ಬೆರಳನ್ನೂ ಸೇರಿಸಿ ಸರಿಯಾಗಿಯೇ ತೂಗಿತು.
ಫೆಬ್ರವರಿಯಲ್ಲಿ ಅಬೀಲ್ಯು ಬಂದ, ಮುಳ್ಳು ನೆಟ್ಟಗೆ ನಿಂತಿತು,
ಮೊಹರು ಒತ್ತಿ ಹೋದ.
ನಾನು ತಲೆಯೆತ್ತಲಿಲ್ಲ.

ಅದಕ್ಕೇ ಆ ನೀಲಿ ಗೆರೆಯ ಮೇಲೆ ನನಗೆ ಸಿಟ್ಟಿಲ್ಲ.
ಅದರ ಅಂಚಿನಲ್ಲೊಂದು ಹೆಬ್ಬೆರಳನ್ನು ಹುಡುಕುತ್ತಿದ್ದೇನೆ.

ಇವತ್ತು ನಸುಕಿಗೆ ನಾನೇ ಹೋದೆ, ಸೇತುವೆಯ ಕೆಳಗೆ.
ಗಾಜಿನ ಜಾಡಿ ತುಂಬಿ, ಚೀಟಿ ಅಂಟಿಸಿ ಬರೆದೆ:
ಮಂಗಳವಾರ, ಐದೂವರೆ, ಇಳಿತ, ನೊರೆ ಇದೆ.
ಮನೆಗೆ ಬಂದು ಮುಚ್ಚಳ ತೆಗೆದರೆ
ಹೋದ ಚಳಿಗಾಲದ ಜಾಮಿನ ವಾಸನೆ.

ಅಬೀಲ್ಯು ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಚೆಲ್ಲಿದೆ.
ಜಾಡಿ ಕುದಿಸಲು ನೀರು ಒಲೆಯ ಮೇಲಿದೆ.
ನಾಳೆ ಬುಧವಾರ. ಚೀಟಿ ಬೇರೆ ಬರೆಯಬೇಕು.