ಬಿದ್ದುಹೋದ ಸ

ಅಕ್ಕ ಫೋನಿನಲ್ಲಿ ಹೇಳಿದ್ದು: ಬಾವ ಸತ್ತರು.
ನನ್ನ ಕಿವಿಗೆ ಬಿದ್ದದ್ದು: ಬಾವ ಅತ್ತರು.
"ಅಳಲಿ ಬಿಡು," ಅಂದೆ, "ಮನಸ್ಸು ಹಗುರಾಗುತ್ತದೆ."

ಹನ್ನೊಂದನೇ ದಿನ ಮೊಬೈಲಿಗೆ ಕಾರ್ಡು ಬಂತು,
ಬಾವನ ಫೋಟೊ, ಹಾರ, ಊಟದ ಹೊತ್ತು.
ಕಣ್ಣಿಗೆ ಸ ಸರಿಯಾಗಿಯೇ ಕಂಡಿತು.
ಅಂದಿನಿಂದ ಎಂಟು ತಿಂಗಳು
ನಾನು ಮಾಡಿದ ಕರೆ ಶಿರಾಲಿಯಲ್ಲಿ ಸುಮ್ಮನೆ ಬಡಿದುಕೊಂಡು ನಿಲ್ಲುತ್ತಿತ್ತು.

ಮಾತು ಕಿವಿಗೆ ಬೀಳುತ್ತದೆ ಅನ್ನುತ್ತೇವಲ್ಲ,
ಬೀಳುವಾಗ ಅದಕ್ಕೂ ಪೆಟ್ಟಾಗುತ್ತದೆಂದು ಯಾರು ಹೇಳಿದ್ದರು?
ಬಹರೈನಿನ ಹಿದ್ದ್‌ನಲ್ಲಿ ಹತ್ತೊಂಬತ್ತು ವರ್ಷ
ಹಡಗುಗಳ ಹೊಟ್ಟೆಗೆ ಮರಳು ಹೊಡೆದೆ.
ತುಕ್ಕು ಉದುರಿತು, ಚಿಪ್ಪು ಉದುರಿತು,
ಜೊತೆಗೆ ನನ್ನೊಳಗಿನ ಒಂದೊಂದೇ ವ್ಯಂಜನ.
ಮೊದಲ ಆರು ವರ್ಷ ಕಿವಿಗೆ ಹತ್ತಿ,
ಅದೂ ದಿಂಬಿನಿಂದ ನಾನೇ ಕಿತ್ತದ್ದು.

ಮನಾಮದ ಸೂಕ್‌ನಲ್ಲಿ ಏಳು ದಿನಾರಿಗೆ ಒಂದು ಸಿಕ್ಕಿತು.
ಏಸಿ ದೊಡ್ಡದಾಯಿತು, ಗೊರಕೆ ದೊಡ್ಡದಾಯಿತು,
ಮೇಲಿನ ಬಂಕಿನವನ ಹೊಟ್ಟೆಯ ಗುಡುಗು ದೊಡ್ಡದಾಯಿತು.
ಸ ಮಾತ್ರ ಬರಲಿಲ್ಲ.

ಕ್ಲಿನಿಕ್ಕಿನ ಮಾರಿಸೆಲ್ ಗಾಜಿನ ಗೂಡಿನಲ್ಲಿ ಕೂರಿಸಿದಳು.
ಅವಳ ಬಳಿ ಅರಬ್ಬಿ ಪದಗಳ ಪಟ್ಟಿಯಿತ್ತು, ಹಿಂದಿಯದು, ಮಲಯಾಳದ್ದು.
ಕನ್ನಡದ್ದಿರಲಿಲ್ಲ.
ಜೊತೆಗೆ ಬಂದ ಮುಜಮ್ಮಿಲ್, ಕೋಲ್ಡ್ ಸ್ಟೋರಿನವ, ನಮ್ಮ ಭಟ್ಕಳದವ,
ಬಾಯಿಗೆ ರಟ್ಟು ಅಡ್ಡ ಹಿಡಿದು ಹೊಳೆದದ್ದೆಲ್ಲ ಓದಿದ.
ಸೇರು ಅಂದ. ಏರು ಅಂದೆ.
ಸುರಿ ಅಂದ. ಉರಿ ಅಂದೆ.
ಸಾಲ ಅಂದಾಗ ಮಾತ್ರ ತಪ್ಪದೆ ಸಾಲ ಅಂದೆ,
ಅದನ್ನು ಕೇಳಲು ಕಿವಿ ಬೇಕಿಲ್ಲ.

ಕಾಗದದ ಮೇಲೆ ನನ್ನ ಗೆರೆ
ಡ್ರೈಡಾಕಿನ ಮೆಟ್ಟಿಲು ಇಳಿದಂತೆ ಇಳಿದು
ತಳದಲ್ಲಿ ನೀರಿಲ್ಲದೆ ನಿಂತಿತ್ತು.

ಒಂದು ಕಿವಿಯ ಒಳಗೇ ಅಡಗುವುದು, ಯಾರಿಗೂ ಕಾಣದು.
ಆಸೆಯಾಯಿತು, ನಿಜ.
ಅದರ ಬ್ಯಾಟರಿ ಮುರಿದ ತೊಗರಿಬೇಳೆಯಷ್ಟು;
ಈ ಬೆರಳಲ್ಲಿ ಹಿಡಿಯಲು ಹೋಗಿ ಮೂರು ಸಲ ನೆಲದಲ್ಲಿ ಹುಡುಕಿದೆವು,
ಮಾರಿಸೆಲ್, ಮುಜಮ್ಮಿಲ್, ನಾನು, ಮಂಡಿಯೂರಿ.
ಇನ್ನೊಂದು ಕಿವಿಯ ಹಿಂದೆ ಕೂರುವುದು,
ಬೆವರಿಗೆ ಬೇಗ ಸೋಲದು, ತೊಳೆಯಬಹುದಾದ ಅಚ್ಚು.
"ಚರ್ಮದ ಬಣ್ಣದ್ದು" ಎಂದು ತೋರಿಸಿದಳು.
ಯಾರ ಚರ್ಮದ್ದೋ. ಮೂವರೂ ಕೈ ಪಕ್ಕಕ್ಕೆ ಇಟ್ಟು ನೋಡಿದೆವು,
ಯಾರದ್ದೂ ಅಲ್ಲ.
ಕಪ್ಪಿರಲಿ ಅಂದೆ. ಕಂಡರೆ ಕಾಣಲಿ.

ಎರಡೂ ಕಿವಿಗೆ ಒಳ್ಳೆಯದು, ಅಂದಳು.
ಎರಡಕ್ಕೆ ಮೂರು ತಿಂಗಳ ಸಂಬಳ.
"ಹಾಗಾದರೆ ಹೇಳು, ನಿನಗೆ ಯಾರ ಮಾತು ಕೇಳಬೇಕು?"
ಫೋರ್‌ಮನ್ನಿನ ಮಾತು ಕೇಳಿದ್ದು ಸಾಕಾಗಿದೆ.
ಫೋನು ಹಿಡಿಯುವ ಕಿವಿಯನ್ನು ಮುಟ್ಟಿ ತೋರಿಸಿದೆ.

ಹಾಕಿದ ಕೂಡಲೇ ಏನೋ ಸರಸರ ಅಂದಿತು.
ಹಾವೆಂದು ಕಾಲೆತ್ತಿದೆ.
ಮುಜಮ್ಮಿಲ್ ಕೈಯ ಪ್ಲಾಸ್ಟಿಕ್ ಚೀಲ.

ಕೆಲಸಕ್ಕೆ ಹೋಗುವಾಗ ಬಿಚ್ಚಿ ಡಬ್ಬಿಯಲ್ಲಿಡುತ್ತೇನೆ.
ಫೋನು ತೀರ ಹತ್ತಿರ ತಂದರೆ ಸಿಳ್ಳೆ ಹಾಕುತ್ತದೆ;
ತುಸು ಮೇಲಕ್ಕೆ, ಟೊಪ್ಪಿಯ ಅಂಚು ಹಿಡಿದಂತೆ ಹಿಡಿಯಬೇಕು.
ಶುಕ್ರವಾರ ಹಾಗೆ ಹಿಡಿದುಕೊಂಡು, ಮುಜಮ್ಮಿಲ್ ನಂಬರಿನಿಂದ
ಅಕ್ಕನಿಗೆ ಮಾಡಿದೆ.
ಎತ್ತಿದಳು.
ನಾನು ಏನು ಹೇಳಬೇಕೆಂದುಕೊಂಡಿದ್ದೆನೋ ಅದೆಲ್ಲ
ತಲೆಕೆಳಗಾಗಿ ಬಂತು: ಮರಳು, ಹತ್ತಿ, ಅತ್ತರು, ಸತ್ತರು.

ಮೊದಲು ಅವಳ ಮೂಗಿನ ಸುಯ್ಲು ಕೇಳಿತು.
ಸೆರಗು ಫೋನಿಗೆ ಸವರಿದ್ದು ಕೇಳಿತು.
ಆಮೇಲೆ ಮೆಲ್ಲಗೆ ಅಂದಳು,
"ಸಿಗಡಿ ಸಿಗುತ್ತದಾ ಅಲ್ಲಿ?"

ಒಂದಲ್ಲ, ಎರಡು ಸ. ಎರಡೂ ಕೇಳಿಸಿದ್ದವು.
ಆದರೂ ಅಂದೆ,
"ಏನು? ಇನ್ನೊಮ್ಮೆ ಹೇಳು."