ಒಂದೂವರೆ ಗೇಣು

ಸುಂಕದಕಟ್ಟೆಯಲ್ಲಿ ನಮ್ಮ ಸರ್ವೇ ಆಫೀಸು, ಹಿಟ್ಟಿನ ಗಿರಣಿಯ ಮೇಲೆ.
ಗಿರಣಿ ತಿರುಗಿದರೆ ಮೇಜು ನಡುಗುತ್ತದೆ.
ಅದಕ್ಕೇ ಡೊಮಿನಿಕ್ ಮೂವತ್ತು ವರ್ಷ
ಉದ್ದ ಗೆರೆಗಳನ್ನೆಲ್ಲ ಎಳೆದದ್ದು
ಕರೆಂಟು ಹೋದಾಗ.

ಈಗ ಅವನ ಕೈಯೇ ಗಿರಣಿ.
ಇಂಕಿನ ಪೆನ್ನುಗಳನ್ನು ತೊಳೆದು ಡಬ್ಬಿಗೆ ಹಾಕಿ
‘ಇನ್ನು ಕಂಪ್ಯೂಟರೇ ಎಳೀಲಿ ಮೇಡಂ’ ಅಂದ ದಿನ
ನಾನು ಗಿರಾಕಿಯಾದೆ.

ಮೊದಲು ಬಂದವನು ಯತಿರಾಜ,
ಏಪ್ರಿಲ್ ತಿಂಗಳಲ್ಲಿ ಕೋಟು ಹಾಕಿಕೊಂಡು.
ತೆರೆಯ ಮೇಲೆ ಗುಡ್ಡ ಎಬ್ಬಿಸಿದ, ಕೆರೆ ತುಂಬಿಸಿದ,
ಗುಡ್ಡವನ್ನು ಮಗುಚಿ ಅದರ ಹೊಟ್ಟೆ ತೋರಿಸಿದ.
ಬೆಲೆ ಕೇಳಿದೆ.
ಕೊಳ್ಳುವಂತಿಲ್ಲವಂತೆ; ವರ್ಷ ವರ್ಷ ಬಾಡಿಗೆ.
ಬಾಡಿಗೆ ನಿಂತರೆ, ನಾನೇ ಬರೆದ ನಕ್ಷೆ
ನನಗೇ ಬಾಗಿಲು ತೆಗೆಯುವುದಿಲ್ಲ.
ಗೇಣು ಗೇಣು ಅಳೆದವಳು
ಕೊನೆಗೆ ಗೇಣಿದಾರಳೇ?
‘ಉಳುವವನೇ ಒಡೆಯ ಅಂತ ಕಾನೂನು ಬಂತಲ್ಲಪ್ಪ,
ಅಳೆಯುವವಳಿಗೆ ಅಂಥದ್ದೇನೂ ಇಲ್ಲವಾ?’
ಯತಿರಾಜ ಒಂದು ಲೋಟ ನೀರು ಕುಡಿದ.

ಗಂಗಹನುಮ ಪೆನ್‌ಡ್ರೈವ್ ತಂದ:
ಅದೇ ತಂತ್ರಾಂಶ, ಎಸ್‌.ಪಿ. ರೋಡಿನಲ್ಲಿ,
ಎರಡು ಬಿರಿಯಾನಿಯ ಬೆಲೆಗೆ.
‘ಕದ್ದ ಸರಪಳಿ ಹಿಡಿದು ಗಡಿ ಅಳೆಯೋದಾ?’
ಹೀಗೆಂದವಳು ನಾನಲ್ಲ.
ಡೊಮಿನಿಕ್, ಗೋಡೆಯ ಕಡೆ ಮುಖ ಮಾಡಿಕೊಂಡು.
ನಾನು ಆಗಲೇ ಕೈ ಚಾಚಿದ್ದೆ.

ಮೂರನೆಯದನ್ನು ಬನಶಂಕರಿಯಿಂದ ನಫೀಸಾ ಕಳಿಸಿದಳು,
ಫೋನಿನಲ್ಲೇ ಮಾತು, ಒಂದೇ ಸಲದ ಬೆಲೆ.
ಬೂದು ಬಣ್ಣದ್ದು. ಗುಡ್ಡ ತಿರುಗಿಸಲು ಬಾರದು.

ಎರಡರಲ್ಲೂ ಕನ್ನಡ ಟೈಪಿಸಿ ನೋಡಿದೆ.
ಚಕ್ಕುಬಂದಿ ಅಂದರೆ ಚಕ್‌ ಕುಬಂದಿ ಆಯಿತು.
ಪೂರ್ವಕ್ಕೆ ಸಿದ್ದಗಂಗಯ್ಯನವರ ಜಮೀನು:
ಅವರ ಹೆಸರಿನ ಬಾಲ ಕಳಚಿ
ಪಕ್ಕದ ಓಣಿಯಲ್ಲಿ ಬಿದ್ದಿತ್ತು.
ಒತ್ತಕ್ಷರವೂ ಒತ್ತುವರಿ ಮಾಡುತ್ತದೆಂದು
ಅವತ್ತು ಗೊತ್ತಾಯಿತು.

ಕೊನೆಗೆ ಎರಡಕ್ಕೂ ಒಂದೇ ಹೊಲ ಕೊಟ್ಟೆ.
ಮಾಚೋಹಳ್ಳಿ ಕಡೆಯದು, ಎರಡೆಕರೆ ಏಳು ಗುಂಟೆ,
ಹನ್ನೊಂದು ಮೂಲೆ.
ಹುಣಸೆಮರದ ಬುಡದಿಂದ ಹೊರಟರೆ
ಹುಣಸೆಮರದ ಬುಡಕ್ಕೇ ಬಂದು ಸೇರಬೇಕು.
ನಮ್ಮ ಲೆಕ್ಕ ಬಂದು ನಿಂತದ್ದು
ಬುಡಕ್ಕೆ ಒಂದೂವರೆ ಗೇಣು ಈಚೆ.
ತಪ್ಪು ಬಿಸಿಲಿನದೋ, ನನ್ನದೋ.
ಆರನೆಯ ಮೂಲೆಯಲ್ಲಿ ಪ್ರಿಸಂ ಹಿಡಿದ ಗಂಗಹನುಮ
ಕೆಂಜಿಗ ಕಚ್ಚಿ ಕುಣಿದಿದ್ದ.

ಬಾಡಿಗೆಯದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ
ಹೊಲ ಮುಚ್ಚಿತು.
ಒಂದೂವರೆ ಗೇಣನ್ನು ಹನ್ನೊಂದು ಮೂಲೆಗೂ
ಚೂರುಚೂರು ಹಂಚಿತು,
ಕಡೇ ಪಂಕ್ತಿಗೆ ಸಾಲದ ಪಾಯಸವನ್ನು
ನಗುನಗುತ್ತ ಬಡಿಸುವವನ ಹಾಗೆ.

ಬೂದು ಬಣ್ಣದ್ದು ಬಿಟ್ಟ ಬಾಯನ್ನು ಬಿಟ್ಟ ಹಾಗೇ ಇಟ್ಟು
ಕೆಂಪಗೆ ಒಂದು ಸಾಲು ಬರೆಯಿತು:
ಕೂಡಿಲ್ಲ. ಏನು ಮಾಡಲಿ?

ಡೊಮಿನಿಕ್ ಎದ್ದು ಬಂದ. ಕನ್ನಡಕ ಏರಿಸಿದ.
‘ಇದು ಕೇಳುತ್ತೆ, ಮೇಡಂ.’

ಈ ಊರಿನಲ್ಲಿ ಒಂದೂವರೆ ಗೇಣೆಂದರೆ
ಒಂದು ಮೆಟ್ಟಿಲು, ಒಂದು ಮೋರಿ, ಕಿಟಕಿಯ ಗಾಳಿ,
ಅಣ್ಣತಮ್ಮಂದಿರ ಹದಿನಾಲ್ಕು ವರ್ಷ,
ವಾಯಿದೆಗೆ ಅಲೆದು ಸವೆದ ಎಷ್ಟೋ ಜೊತೆ ಚಪ್ಪಲಿ.
ಹಂಚಿ ಮುಚ್ಚುವುದಾದರೆ ನಾವೇ ಮುಚ್ಚೋಣ,
ಗೊತ್ತಿದ್ದು, ಸಹಿ ಹಾಕಿ.

ಬೂದು ಬಣ್ಣದ್ದನ್ನೇ ಕೊಂಡೆ.
ಹೆಸರುಗಳನ್ನು ಈಗಲೂ ಡೊಮಿನಿಕ್ ಬರೆಯುತ್ತಾನೆ,
ಪ್ರಿಂಟು ತೆಗೆದ ಮೇಲೆ, ಅದೇ ಹಳೇ ಪೆನ್ನಿನಲ್ಲಿ.
ಗೆರೆ ನಡುಗಬಾರದು.
ಅಕ್ಷರ ನಡುಗಿದರೆ ಯಾರೂ ದಾವೆ ಹೂಡುವುದಿಲ್ಲ.

ಮಾರನೆಯ ಬೆಳಿಗ್ಗೆ ಏಳಕ್ಕೇ
ಮತ್ತೆ ಹುಣಸೆಮರಕ್ಕೆ ಹೋದೆವು.
ಗಂಗಹನುಮ ಈ ಸಲ
ಬೂಟು ಹಾಕಿಕೊಂಡು ಬಂದಿದ್ದ.