ಕಲ್ಲು ಕೂರಿಸುವವನ ಮಂಡಿ

ನಲವತ್ತೊಂದು ವರ್ಷ ಲಿಸ್ಬನ್ನಿನ ಬೀದಿಗಳಲ್ಲಿ
ಮಂಡಿಯೂರಿದವನು ನಾನು. ದೇವರಿಗಲ್ಲ,
ಮುಷ್ಟಿಗಾತ್ರದ ಸುಣ್ಣಕಲ್ಲಿಗೆ.
ಬಿಳಿಯದೊಂದು, ಕರಿಯದೊಂದು, ಅಂಗೈಯಲ್ಲಿ ತಿರುವಿ,
ಸುತ್ತಿಗೆಯಲ್ಲಿ ಮೂಲೆ ಹಾರಿಸಿ,
ಮರಳಿನೊಳಕ್ಕೆ ಕೂರಿಸಿ, ತಟ್ಟಿ, ಒಂದು ಗೇಣು ಸರಿದು,
ಊರಿಗೆ ಊರೇ ನಡೆದಾಡಲೆಂದು
ನಡೆಯದೆ ಉಳಿದವನು.

ಈಗ ಪ್ರತಿ ಗುರುವಾರ
ಗ್ರಾಸಾ ಗುಡ್ಡದ ಮೇಲಿನ ಕ್ಲಿನಿಕ್ಕು, ನೀಲಿ ರೆಕ್ಸಿನ್ ಮಂಚ.
ಇಯೊಲಾಂಡಾ ಎಂಬ ಹುಡುಗಿ
(ಹೆತ್ತವರು ಕೇಪ್ ವರ್ಡಿಯವರು, ಹಿಡಿತ ಮಾತ್ರ ನನ್ನ ಮೇಸ್ತ್ರಿಯದೇ)
ಮಂಡಿಗೆ ಪ್ಲಾಸ್ಟಿಕ್ಕಿನ ಕೋನಮಾಪಕ ಹಿಡಿದು
'ಎಂಬತ್ತೆರಡು' ಅಂದಳು.
ಎಪ್ಪತ್ತೊಂದೇ ನನಗೆ, ಅಂದೆ.
'ವಯಸ್ಸಲ್ಲ, ಸೆನ್ಯೋರ್ ಅದೆಲಿನೊ, ಮಡಚಿದ್ದು.
ನೂರ ಐದು ಬರಲಿ,
ಕುರ್ಚಿಯಿಂದ ಕೈಯೂರದೆ ಏಳುತ್ತೀರಿ.'

ಮಂಡಿಯಡಿಗೆ ಟವೆಲ್ ಸುರುಳಿ.
ಒತ್ತಿ. ಐದೆಣಿಸಿ. ಬಿಡಿ.
ಇಷ್ಟೇನಾ? ಲಾರಿಗಟ್ಟಲೆ ಕಲ್ಲು ಇಳಿಸಿದವನಿಗೆ
ಟವೆಲ್ಲೇ?
ಏಳನೆಯ ಸಲಕ್ಕೆ ತೊಡೆ ನಡುಗಿತು
ನೆನೆದ ಕೋಳಿಯ ಹಾಗೆ.
ಅವಳು ನೋಡಿಯೂ ನೋಡದವಳಂತೆ
ಕಿಟಕಿಯಾಚೆ ಟ್ರಾಮು ತಿರುಗುವುದನ್ನೇ ನೋಡಿದಳು.

ಮೂರನೆಯ ವಾರ ಹೆಬ್ಬೆರಳಿಂದ ಸೊಂಟದ ಪಕ್ಕ ಒತ್ತಿ
ನಾನು ಹಲ್ಲು ಕಚ್ಚಿದ್ದು ಕಂಡು
'ಕೂಗುವುದು ಮಂಡಿ, ಕಳ್ಳ ಇಲ್ಲಿದ್ದಾನೆ' ಅಂದಳು.
ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಬೇಡ ಮಗೂ, ಅಂದೆ.
(ಬೋಳುತಲೆ, ಮೊಣಕಾಲು, ಎರಡೂ ನನ್ನವೇ.)
ಮಗ್ಗುಲಾಗಿ ಮಲಗಿಸಿ, ಹಳದಿ ರಬ್ಬರ್ ಪಟ್ಟಿ ಸುತ್ತಿ
ಕಾಲು ಎತ್ತಿ ಅಂದಳು. ಎತ್ತಿದೆ.
ಗೇಣೂ ಏಳಲಿಲ್ಲ.

ಗೋಡೆಗೆ ಮುಖ ಮಾಡಿ ಮಲಗಿದ್ದವನಿಗೆ ನೆನಪಾದದ್ದು
ಅಲ್ಕಾಂತರಾದ ಒಂದು ಮೂಲೆ, ಒಂದು ಕಾಫಿ ಅಂಗಡಿಯ ಎದುರು.
ಮೂರು ಸಲ ಕಲ್ಲು ಕುಸಿದಿತ್ತು,
ಮೂರು ಸಲ ಕಿತ್ತು ಕೂರಿಸಿದ್ದೆ, ಬೈಯುತ್ತ.
ನಾಲ್ಕನೆಯ ಸಲ ಮೇಸ್ತ್ರಿ ವಿರ್ಜಿಲಿಯೊ
ಏನೂ ಹೇಳದೆ ಎಂಟು ಗಜ ಏರು ನಡೆದು ಹೋಗಿ
ಸಾಲು ಬಿಚ್ಚಿಸಿದ. ಅಡಿಯಲ್ಲಿ ಒಡೆದ ಕೊಳವೆ.
'ಕುಸಿದಲ್ಲಿ ಅಲ್ಲವೋ, ನೀರು ನುಗ್ಗಿದಲ್ಲಿ ಅಗೆಯಬೇಕು.'
ಹುಡುಗಿಗೆ ಇದನ್ನು ಹೇಳಲಿಲ್ಲ.
ಮತ್ತೆ ಎತ್ತಿದೆ, ಅಷ್ಟೆ.

ಮನೆಯಲ್ಲಿ ದೆವೊಲಿಂಡಾ.
ಮಗನಿಗೆ ಜ್ವರ ಏರಿದ ವರ್ಷ ಹರಕೆ ಹೊತ್ತು
ಫಾತಿಮಾದಲ್ಲಿ ಮಂಡಿಯ ಮೇಲೇ ನಡೆದವಳು.
ಇಬ್ಬರದೂ ಸವೆದದ್ದೇ.
ಅವಳದಕ್ಕೆ ಪುಣ್ಯ, ನನ್ನದಕ್ಕೆ ದಿನಗೂಲಿ.
ಈಗ ಅಡುಗೆಮನೆಯ ಗೋಡೆಗೆ ಬೆನ್ನು ಆನಿಸಿ
ಅಕ್ಕಪಕ್ಕ ಜಾರುತ್ತೇವೆ, ಅರ್ಧ ಕೂತ ಭಂಗಿಗೆ.
ಅವಳಿಗೆ ಯಾರೂ ಹೇಳಿಲ್ಲ, ಆದರೂ ಬರುತ್ತಾಳೆ,
ಆರಾದ ಮೇಲೆ ನೇರ ಎಂಟು ಎಣಿಸುತ್ತಾಳೆ,
ಬೀನ್ಸು ಉಕ್ಕಿತೆಂದು ಎದ್ದೋಡುತ್ತಾಳೆ.
ನಾನು ಅಲ್ಲೇ, ನಡುಗುತ್ತ, ಪ್ರಾಮಾಣಿಕನಾಗಿ.

ಒಂಬತ್ತನೆಯ ವಾರ: ತೊಂಬತ್ತಾರು.
ನೂರ ಐದಲ್ಲ.
ನೋವು ಹೋಗಿದೆ ಎಂದರೆ ಸುಳ್ಳಾದೀತು,
ರಾತ್ರಿ ಎಬ್ಬಿಸುವುದನ್ನು ಬಿಟ್ಟಿದೆ.
ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವುದು ಮುಂದೆ,
ಜಪದಂತೆ ಅಂದುಕೊಳ್ಳುತ್ತ
ಇವತ್ತು ಗುಡ್ಡ ಇಳಿದೆ, ಕೈಕಂಬಿ ಮುಟ್ಟದೆ ಹದಿನಾಲ್ಕು ಮೆಟ್ಟಿಲು.

ಕೆಳಗೆ ನಾನೇ ಕೂರಿಸಿದ ನಕ್ಷತ್ರ.
ಅದರ ಒಂದು ಮೊನೆಯಿಂದ ಎರಡು ಕಲ್ಲು ಎದ್ದು ಬಿದ್ದಿದ್ದವು.
ಮಂಡಿ ತಾನಾಗಿಯೇ ನೆಲಕ್ಕೆ ಹೊರಟಿತು, ಹಳೆಯ ಚಾಳಿ.
ತಡೆದೆ.
ಗೋಡೆ ಹಿಡಿದು, ಅವಳು ಕಲಿಸಿದಂತೆ
ಬೆನ್ನು ನೆಟ್ಟಗಿಟ್ಟು ಸೊಂಟದಲ್ಲಿ ಬಾಗಿ
ಎರಡನ್ನೂ ಕೋಟಿನ ಜೇಬಿಗೆ ಹಾಕಿಕೊಂಡೆ.

ಕಾಲಿಗೆ ಕಟ್ಟುವ ಅರ್ಧ ಕಿಲೋ ತೂಕಕ್ಕೆ
ಔಷಧಿ ಅಂಗಡಿಯವ ಹದಿನಾಲ್ಕು ಯೂರೋ ಕೇಳಿದ್ದ.
ದೆವೊಲಿಂಡಾಳ ಹಳೆಯ ಕಾಲುಚೀಲ, ಒಳಗೆ ಎರಡು ಕಲ್ಲು,
ಹರಡಿಗೆ ಗಂಟು.
ಎಷ್ಟು ಸಾವಿರವನ್ನು ನೆಲಕ್ಕೆ ಇಳಿಸಿದ್ದೆನೋ,
ಎರಡನ್ನು ಎತ್ತುತ್ತಿದ್ದೇನೆ.
ಎಂಟು. ಒಂಬತ್ತು.
ಮಧ್ಯೆ ಮಾತಾಡಿಸಬೇಡ ಮಾರಾಯ್ತಿ,
ಎಣಿಕೆ ತಪ್ಪುತ್ತದೆ.